ಪೈಯುನ್ ಬಿಗಿದ ಉಕ್ಕಿನ ತಂತಿ

ಹೆಣದ ಮೆರವಣಿಗೆಗಳಲ್ಲಿ ತುತ್ತೂರಿ ಊದುವುದನ್ನು ಬಿಟ್ಟು ನಾನು ಶಾಂಘೈಯಲ್ಲಿ ಮಂದಿ ಕುಣಿಯಲು ಬರುವ ನೃತ್ಯಶಾಲೆಯೊಂದರಲ್ಲಿ ಸ್ಯಾಕ್ಸೊಫೋನ್ ನುಡಿಸಲು ಸೇರಿದ್ದೆ. ಶೆನ್ ಪೈಯುನ್ ಅಲ್ಲಿಗೇ ಪಿಪಾ ಎಂಬ ತಂತಿವಾದ್ಯ ನುಡಿಸಲು ಬಂದಳು. ಸೂಜೌ ಕಡೆಯ ಹೆಣ್ಣುಮಗಳು. ಚಹಾದಂಗಡಿಗಳಲ್ಲಿ ಪಿಪಾ ಮೀಟುತ್ತ ಕಥೆ ಹಾಡುವ ಹಿರಿಯ ಲೂ ಅವರ ಮನೆಯಲ್ಲೇ ಇದ್ದು ವಿದ್ಯೆ ಕಲಿತವಳು.

ತುತ್ತೂರಿ, ಡ್ರಮ್ಮುಗಳ ನಡುವೆ ಅವಳ ವಾದ್ಯ ಯಾರಿಗೂ ಕೇಳಿಸುತ್ತಿರಲಿಲ್ಲ. ಮ್ಯಾನೇಜರನಿಗೆ ಅದರ ಚಿಂತೆಯೂ ಇರಲಿಲ್ಲ. ಚೆಂದದ ಉಡುಪು ತೊಟ್ಟು ಪಿಪಾ ಮಡಿಲಲ್ಲಿಟ್ಟುಕೊಂಡು ಕೂತರೆ ಸಾಕು, ವಿದೇಶಿಯರು ನೋಡಲಿಕ್ಕೇ ಬರುವುದು ಎಂದುಬಿಟ್ಟ. ಮರುದಿನ ಪೈಯುನ್ ರೇಷ್ಮೆ ತಂತಿಗಳನ್ನೆಲ್ಲ ಬಿಚ್ಚಿ ಉಕ್ಕಿನ ತಂತಿ ಬಿಗಿದು ಬಂದಳು. ಉಗುರು ಸೀಳಿತು, ಅವಳು ಬೆರಳಿಗೆ ಬಟ್ಟೆ ಸುತ್ತಿ ನುಡಿಸಿದಳು.

ಮಧ್ಯಾಹ್ನದ ಹೊತ್ತು ನೃತ್ಯಶಾಲೆ ಖಾಲಿಯಿದ್ದಾಗ ನಾವಿಬ್ಬರೂ ಹಳೆಯ ಹಾಡುಗಳಿಗೆ ಜಾಝ್ ನಡಿಗೆ ಕೂಡಿಸುತ್ತ ಕೂರುತ್ತಿದ್ದೆವು. ಅವಳ ಸ್ವರ ಜಾರಿದ ಕಡೆ ನನ್ನದೂ ಜಾರಬೇಕಿತ್ತು, ನಾನು ತಡವರಿಸುತ್ತಿದ್ದೆ.

"ಝೌ ಅಣ್ಣ, ನೀನಿನ್ನೂ ಹೆಣದ ಹಿಂದೇನೇ ನಡೀತಿದೀಯ. ಸ್ವಲ್ಪ ಬದುಕಿರೋರಿಗೆ ಊದು" ಎಂದು ಅವಳು ಕಾಡುತ್ತಿದ್ದಳು.

ಸುದ್ದಿ ಚಹಾದಂಗಡಿಗಳನ್ನು ಮುಟ್ಟಲು ತಡವಾಗಲಿಲ್ಲ. ಹಾಡುಗಾರರ ಸಂಘದ ಹಿರಿಯರು ಹೇಳಿಕಳಿಸಿದರು: ಎಲ್ಲರೆದುರು ಗುರುವಿಗೆ ಮಂಡಿಯೂರಿ ಚಹಾ ಕೊಟ್ಟು, ಕುಣಿತದವರ ಸಹವಾಸ ಬಿಟ್ಟೆನೆಂದು ಆಣೆ ಮಾಡಬೇಕು. ಇಲ್ಲವಾದರೆ ಯಾವ ಚಹಾದಂಗಡಿಯೂ ಅವಳನ್ನು ಸೇರಿಸಿಕೊಳ್ಳುವುದಿಲ್ಲ. ಹೋಗುತ್ತೇನೆ, ನೀನೂ ಸ್ಯಾಕ್ಸೊಫೋನ್ ತೆಗೆದುಕೊಂಡು ಬಾ ಎಂದಳು. ನಾನೂ ಹೋದೆ.

ಮಹಡಿಯ ಚಹಾದಂಗಡಿ ಕಿಕ್ಕಿರಿದಿತ್ತು. ಲೂ ಗುರುಗಳು ಗೋಡೆಯ ಪಕ್ಕ ನೆಟ್ಟಗೆ ಕೂತಿದ್ದರು. ಪೈಯುನ್ ಚಹಾ ಬಗ್ಗಿಸಿ ನಿಂತೇ ಇದ್ದಳು.

"ಮಂಡಿ ಊರೋದಿಲ್ವೇನಮ್ಮ?" ಎಂದರು ಅವರು.

"ಕಲಿಸಿದ್ದಕ್ಕೆ ಎಷ್ಟು ಸಲ ಬೇಕಾದ್ರೂ ಊರ್ತೀನಿ ಗುರುಗಳೇ. ತಪ್ಪು ಮಾಡಿದೆ ಅಂತ ಒಂದ್ಸಲಾನೂ ಊರಲ್ಲ."

ಹಾಗೆಂದು ಮಂಡಿಯೂರಿ, ಎರಡೂ ಕೈಯಲ್ಲಿ ಬಟ್ಟಲು ಕೊಟ್ಟಳು. ಅವರು ತೆಗೆದುಕೊಂಡರು. ಆಣೆಯ ಮಾತು ಬರಲೆಂದು ಹಿರಿಯರು ಕಾದರು. ಅವಳು ಎದ್ದು ಪಿಪಾ ಕೈಗೆತ್ತಿಕೊಂಡಳು.

"ರೇಷ್ಮೆಗೆ ಉಸಿರಿತ್ತು. ಅದನ್ನ ಕೊಂದೆ" ಎಂದರು ಗುರುಗಳು ಮೆಲ್ಲಗೆ.

"ಉಸಿರಿತ್ತು, ಕೇಳಿಸ್ತಿರಲಿಲ್ಲ. ಕೇಳಿಸದ ಹಾಡಿಗೆ ನಾನು ಎಷ್ಟು ದಿನ ಅಂತ ಕಾವಲು ಕೂರಲಿ?"

ಅವರೇ ಕಲಿಸಿದ ಹಾಡನ್ನು ಮೊದಲು ಅವರಂತೆಯೇ ನುಡಿಸಿದಳು. ಎರಡನೆಯ ಸುತ್ತಿಗೆ ನನ್ನತ್ತ ಕಣ್ಣು ಹಾಯಿಸಿದಳು. ನಾನು ಊದಿದೆ. ಹಿರಿಯರು ಕುರ್ಚಿ ತಳ್ಳಿ ಎದ್ದು ಹೊರಟರು; ಒಬ್ಬ ನನ್ನ ಕಾಲಬುಡದಲ್ಲಿ ಉಗಿದು ಹೋದ. ಆದರೆ ಕಲ್ಲಂಗಡಿ ಬೀಜ ಒಡೆಯುತ್ತಿದ್ದ ಮಂದಿ ಬಾಯಾಡಿಸುವುದನ್ನೇ ಮರೆತು ಕೂತಿದ್ದರು. ಗುರುಗಳು ಕೊನೆಯವರೆಗೂ ಕೇಳಿದರು. ಆಮೇಲೆ ಚಹಾ ಪೂರ್ತಿ ಕುಡಿದು ಮೆಟ್ಟಿಲಿಳಿದರು. ಅವಳು ಮುಂದಿನ ಹಾಡು ಎತ್ತಿಕೊಂಡಳು.

ಸಂಘ ಅವಳ ಹೆಸರು ಹೊಡೆದುಹಾಕಿತು. ಅದೇ ವಾರ ಮ್ಯಾನೇಜರನೂ ನಮ್ಮಿಬ್ಬರನ್ನು ಕೆಲಸದಿಂದ ತೆಗೆದ. ಪಿಪಾ ಜೋರಾದರೆ ಕುಣಿಯುವವರ ಹೆಜ್ಜೆ ತಪ್ಪುತ್ತದಂತೆ. ನಾವು ದೊಡ್ಡ ಅಂಗಡಿಯೊಂದರ ಮಾಳಿಗೆಯ ಮೇಲಿನ ಮನರಂಜನೆಯ ತೋಟದಲ್ಲಿ, ಜಾದೂಗಾರನಿಗೂ ಗಿಳಿಶಾಸ್ತ್ರದವನಿಗೂ ನಡುವೆ ಜಾಗ ಹಿಡಿದೆವು. ಬೇಸಿಗೆ ಮುಗಿಯುವ ಹೊತ್ತಿಗೆ ಜನ ನಮಗಾಗಿಯೇ ಮೆಟ್ಟಿಲು ಹತ್ತಿ ಬರತೊಡಗಿದರು.

ಒಂದು ಸಂಜೆ ಲೂ ಗುರುಗಳ ಹಿರಿಯ ಶಿಷ್ಯ ಬಂದು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಹಾಡಿನ ನಡುವೆಯೇ ಎಲ್ಲರಿಗೂ ಕೇಳುವಂತೆ, "ತಂಗಿ, ಅದೇನು ಪಿಪಾನೋ ತಗಡೋ?" ಎಂದ.

"ತಗಡೇ ಅಣ್ಣ. ಕಿವಿ ಮುಚ್ಕೊಂಡ್ರೂ ಕೇಳುತ್ತೆ" ಎಂದಳು ಪೈಯುನ್.

ಮಂದಿ ಗೊಳ್ಳೆಂದರು. ಅವನು ಎದ್ದು ಹೋಗಲಿಲ್ಲ. ಅವಳೂ ಮತ್ತೆ ಅವನತ್ತ ನೋಡಲಿಲ್ಲ; ಇನ್ನೂ ಜೋರಾಗಿ ಮೀಟಿದಳು.