ತೆಂಗೊ, ತಿಯೇನಿ, ತಿಯೇನೆ

ಸಿಪ್ಪೆ ಹರಿಯುವ ಸದ್ದಿನ ಮೇಲೆ ಅವಳ ದನಿ, ತೆಂಗೊ, ತಿಯೇನಿ, ತಿಯೇನೆ, ಮತ್ತೆ ಒಂದು ಕಾಯಿ, ನೆಲಕ್ಕೆ ಹೂತ ಕಬ್ಬಿಣದ ಮೊನೆಗೆ ಮೈಭಾರ ಹಾಕಿ ಕುಕ್ಕಿ ತಿರುಚಿದರೆ ಚರ್ರೆಂದು ಸೀಳುತ್ತದೆ, ಮೂರು ಕುಕ್ಕು, ಮೂರು ಸೀಳು, ಬೋಳು ಕಾಯಿ ಆ ಕಡೆ, ಸಿಪ್ಪೆ ಈ ಕಡೆ, ತೆನಿಯಾಮೊ, ತೆನೇತೆ, ತೆಂಗೊನೊ, ಸರಿ ಉಂಟಾ ಮಾವ, ಸರಿ ಉಂಟು ಎಂದ ಮಹಾಲಿಂಗ, ತಲೆ ಎತ್ತದೆ. ಮೀಂಜದ ಈ ಕಾಯಿ ಶೆಡ್ಡಿಗೆ ಅಕ್ಷಯಾ ಆದಿತ್ಯವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಬರುತ್ತಾಳೆ, ವಾರವಿಡೀ ಕಾಸರಗೋಡಿನಲ್ಲಿ ನರ್ಸ್ ಕೆಲಸ, ಡ್ಯೂಟಿ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರದ ಮಾಳಿಗೆಯಲ್ಲಿ ಇಟಾಲಿಯನ್ ಕ್ಲಾಸು, ಮುಂದಿನ ತಿಂಗಳು ಪರೀಕ್ಷೆ, ಪಾಸಾದರೆ ಇಟಲಿಯ ಆಸ್ಪತ್ರೆ—ಅವಳಪ್ಪ ಸತ್ತ ಇಟಲಿ. ಕ್ಲಾಸಿನ ಟೀಚರ್ ಹೇಳಿಕೊಡುವುದು ಪುಸ್ತಕದ ಭಾಷೆ ಮಾವ, ನೀವು ಮೂರು ವರ್ಷ ಅಲ್ಲಿಯೇ ಇದ್ದವರು, ಉಚ್ಚಾರ ನಿಮ್ಮಿಂದಲೇ ಕಲಿಯಬೇಕು. ಕುಂಞನ ಮಗಳು. ಗೋಣಿಯ ಮೇಲೆ ಕುಳಿತು ನೋಟ್‌ಬುಕ್ಕನ್ನು ಮೊಣಕಾಲಿಗೆ ಒರಗಿಸಿ, ಓದುವ ಮೊದಲು ತುಟಿಯನ್ನು ಒಮ್ಮೆ ಒಳಗೆ ಎಳೆದುಕೊಳ್ಳುತ್ತಾಳೆ, ಅವನೂ ಹಾಗೇ ಮಾಡುತ್ತಿದ್ದ, ಅದನ್ನು ನೋಡಬಾರದು ಎಂದೇ ಮಹಾಲಿಂಗ ಕಾಯಿಯನ್ನು ನೋಡುತ್ತಾನೆ, ಮೊನೆಯನ್ನು ನೋಡುತ್ತಾನೆ, ಕುಕ್ಕುತ್ತಾನೆ.

ತೆಂಗೊ ಎಂಬುದನ್ನು ಮೊದಲು ಕೇಳಿದಾಗ ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು, ರೋಮಿನಿಂದ ತೆಂಕಕ್ಕೆ ಎರಡು ಗಂಟೆ, ಪ್ಲಾಸ್ಟಿಕ್ ಹೊದಿಸಿದ ತರಕಾರಿ ಗದ್ದೆಗಳ ನಡುವೆ ಎಂಟು ಮಂದಿ ಮಲಗುವ ತಗಡಿನ ಕೋಣೆ, ಕುಂಞ ಬಂಕಿನ ಮೇಲೆ ಕುಳಿತು, ತೆಂಗೊ ಅಂದರೆ ನಮ್ಮ ತೆಂಗಲ್ಲ ಭಾವ, ನಾನು ಹಿಡಿಯುತ್ತೇನೆ ಅಂತ, ನಾನು ಹಿಡಿದಿದ್ದೇನೆ ಅಂತ. ಅವನನ್ನು ಅಲ್ಲಿಗೆ ಕರೆಸಿಕೊಂಡದ್ದು ಮಹಾಲಿಂಗನೇ, ಕುಂಞನ ಹೆಂಡತಿ ಅಮ್ಮು ಮಹಾಲಿಂಗನ ಚಿಕ್ಕಪ್ಪನ ಮಗಳು, ಅಣ್ಣ ನೀವಿದ್ದೀರಲ್ಲ, ಅದೇ ಧೈರ್ಯ ಎಂದು ಗಂಡನನ್ನು ಕಳಿಸಿಕೊಟ್ಟಿದ್ದಳು. ಬಂದ ನಾಲ್ಕನೇ ದಿನ ಕಾಪೊ—ಅಲ್ಲಿ ಮೇಸ್ತ್ರಿಗೆ ಹೇಳುವುದೇ ಹಾಗೆ—ದೂರದಿಂದ ವಾ, ವಾ ಎಂದು ಕೂಗಿದ, ಕುಂಞ ಹತ್ತಿರ ಹೋದ, ಮಲಯಾಳದ ವಾ ಕೇಳಿ ಬೆಳೆದ ಕಿವಿ, ಕರೆಯುತ್ತಿದ್ದಾನೆ ಎಂದುಕೊಂಡ, ಇಟಲಿಯಲ್ಲಿ ವಾ ಅಂದರೆ ಹೋಗು, ಹೋಗೆಂದರೆ ಹತ್ತಿರ ಬಂದವನ ಕೆನ್ನೆಗೆ ಬಿತ್ತು, ಮತ್ತೆ ವಾ, ಮತ್ತೆ ಒಂದು ಹೆಜ್ಜೆ ಮುಂದೆ, ಮತ್ತೆ ಪೆಟ್ಟು, ಮೂಗಿನಿಂದ ಇಳಿದ ರಕ್ತ ಕುಂಬಳದ ಹಳದಿ ಹೂವಿನ ಬುಟ್ಟಿಯೊಳಗೆ, ಉಳಿದವರು ಹೂ ಕೊಯ್ಯುತ್ತಲೇ ಇದ್ದರು, ಮಹಾಲಿಂಗನೂ ಕೊಯ್ಯುತ್ತಲೇ ಇದ್ದ. ಆ ಸಂಜೆಯೇ ಕುಂಞ ಸೈಕಲ್ ಹತ್ತಿ ಇಗರ್ಜಿಯ ಪುಕ್ಕಟೆ ಕ್ಲಾಸಿಗೆ ಹೋದದ್ದು, ಪೆಟ್ಟು ತಿಂದು ಕಲಿತರೆ ಒಂದು ಶಬ್ದ ಭಾವ, ಕುಳಿತು ಕಲಿತರೆ ಒಂದೊಂದಕ್ಕೂ ಆರು ರೂಪ, ವಾದೊ, ವಾಯಿ, ವಾ, ಇವು ನಿಯಮಕ್ಕೆ ಸಿಗದ ಕ್ರಿಯಾಪದಗಳು, ಹೋಗು, ಕೊಡು, ಮಾಡು, ಹಿಡಿ, ಮನುಷ್ಯ ದಿನಾ ಬಳಸುವುದೆಲ್ಲ ನಿಯಮ ತಪ್ಪಿದ್ದೇ. ಮಹಾಲಿಂಗ ಕ್ಲಾಸಿಗೆ ಹೋಗಲಿಲ್ಲ. ಅವನಿಗೆ ಬರುವುದು ಆಜ್ಞೆ ಮಾತ್ರ, ವಾ, ಫಾ, ದಾ, ಸ್ತಾ, ಹೋಗು, ಮಾಡು, ಕೊಡು, ನಿಲ್ಲು, ಒಂದೊಂದೇ ಅಕ್ಷರ, ಕೇಳಿದ ಕೂಡಲೇ ಮೈ ತಾನಾಗಿ ಎದ್ದು ನಿಲ್ಲುತ್ತಿತ್ತು, ತಲೆ ಆಮೇಲೆ.

ಈಗ ಕಳೆದುಹೋದ ಕಾಲ ಮಾವ, ಇದು ಕಷ್ಟ, ಅಕ್ಷಯಾ ಪುಟ ತಿರುವುತ್ತಾಳೆ, ತೆನ್ನಿ, ತೆನೆಸ್ತಿ, ತೆನ್ನೆ, ನಾನು ಹಿಡಿದೆ, ನೀನು ಹಿಡಿದೆ, ಅವನು ಹಿಡಿದ, ಒಮ್ಮೆ ಆಗಿ ಮುಗಿದದ್ದಕ್ಕೆ ಇದು, ಆಗುತ್ತಲೇ ಇದ್ದದ್ದಕ್ಕೆ ಬೇರೆ, ತೆನೇವೊ, ಹಿಡಿದುಕೊಂಡೇ ಇದ್ದೆ—ಕಾಯಿ ಜಾರಿತು, ಮೊನೆ ಅಂಗೈಯ ಪಕ್ಕದಲ್ಲಿ ಹಾದುಹೋಯಿತು, ಜಾಗ್ರತೆ ಮಾವ, ಎಂತ ಆಯಿತು, ಎಂತ ಇಲ್ಲ ನೀನು ಓದು. ಓದಲಿಲ್ಲ ಅವಳು. ಬ್ಯಾಗಿನಿಂದ ಪ್ಲಾಸ್ಟಿಕ್ ಕವರು ತೆಗೆದಳು, ಅದರೊಳಗಿಂದ ನಾಲ್ಕಾಗಿ ಮಡಚಿದ ಕಾಗದ, ಸೀಲು, ಆ ಸೀಲನ್ನು ಅವನು ಬಲ್ಲ, ವಿಮಾನದಲ್ಲಿ ಆರು ವರ್ಷದ ಹಿಂದೆ ಅದನ್ನು ಎದೆಯ ಕಿಸೆಯಲ್ಲಿಟ್ಟುಕೊಂಡು ಬಂದವನು ಅವನೇ, ಕೆಳಗೆ ಸಾಮಾನಿನ ಜಾಗದಲ್ಲಿ ಪೆಟ್ಟಿಗೆ, ಮೇಲೆ ಅವನು. ಅಪ್ಪನ ಪೋಸ್ಟ್‌ಮಾರ್ಟಮ್ ರಿಪೋರ್ಟು ಮಾವ, ಅಮ್ಮನ ಕಪಾಟಿನಲ್ಲಿ ಹಾಗೇ ಇತ್ತು, ಓದಲಿಕ್ಕೆ ಬರುವವರು ಯಾರಿದ್ದರು, ಈ ವಾರ ನಾನು ಓದಿದೆ, ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ಸಾಲು, ಮೈಯ ಭಾಗಗಳ ಹೆಸರೆಲ್ಲ ನನಗೆ ಬರುತ್ತದಲ್ಲ, ಕ್ರಿಯಾಪದ ಮಾತ್ರ ಹುಡುಕಿದ್ದು. ಟ್ರಾಕ್ಟರು ಎದೆಯ ಮೇಲೆ ಹೋದದ್ದು ಹೌದು, ಬರೆದಿದ್ದಾರೆ. ಅದಕ್ಕಿಂತ ಮೊದಲೇ ತಲೆಗೆ ಪೆಟ್ಟು ಬಿದ್ದಿತ್ತು, ಅದನ್ನೂ ಬರೆದಿದ್ದಾರೆ. ಮತ್ತೆ ಇಲ್ಲಿ ನೋಡಿ, ತ್ರತ್ತೆನೂತೊ, ಇದು ತೆಂಗೊದ ಮೂಲ ತೆನೇರೆಯ ಕುಲವೇ ಅಲ್ವಾ, ಬಹುಶಃ ಎರಡೂ ಮಣಿಕಟ್ಟುಗಳಲ್ಲಿ ಹಿಡಿದಿಡಲ್ಪಟ್ಟ. ಹಿಡಿಯಲ್ಪಟ್ಟ ಅಂತ ಉಂಟು ಮಾವ, ಹಿಡಿದದ್ದು ಯಾರು ಅಂತ ಇಲ್ಲ, ಆ ವ್ಯಾಕರಣದಲ್ಲಿ ಯಾರು ಅಂತ ಹೇಳಬೇಕೆಂದೇ ಇಲ್ಲ. ನೀವು ಅಮ್ಮನ ಹತ್ತಿರ ಹೇಳಿದ್ದು ಟ್ರಾಕ್ಟರ್ ಇಳಿಜಾರಿನಲ್ಲಿ ಉರುಳಿತು ಅಂತ, ನಾನು ಫೋನಿನಲ್ಲಿ ಆ ಜಾಗ ನೋಡಿದೆ, ಅಲ್ಲಿ ಗುಡ್ಡವೇ ಇಲ್ಲ. ಅವನು ಮತ್ತೊಂದು ಕಾಯಿ ಎತ್ತಿದ, ಕುಕ್ಕಿದ, ಸಿಪ್ಪೆ ಬಿಡಲಿಲ್ಲ, ಇನ್ನೊಮ್ಮೆ ಕುಕ್ಕಿದ, ನಾನು ನೋಡಲಿಲ್ಲ ಮಗಾ, ನಾನು ಆಚೆ ಗದ್ದೆಯಲ್ಲಿದ್ದೆ, ಜನ ಹೇಳಿದ್ದನ್ನು ಹೇಳಿದೆ. ಹೌದಾ ಎಂದಳು.

ಆಚೆ ಗದ್ದೆಯಲ್ಲಿ ಅಲ್ಲ, ಪಂಪುಶೆಡ್ಡಿನ ಹಿಂದೆ, ಕೆಲಸ ಮುಗಿಸಿ ಕೈ ತೊಳೆಯುವ ಹೊತ್ತು, ಕುಂಞ ಕಾಪೊನ ಎದುರು ನಿಂತು ಅವನು ತೆಗೆದಿಟ್ಟುಕೊಂಡಿದ್ದ ತನ್ನ ಪಾಸ್‌ಪೋರ್ಟ್ ಕೇಳಿದ, ದಮ್ಮಿ ಎಂದ, ನನಗೆ ಕೊಡು, ಆ ಗದ್ದೆಯಲ್ಲಿ ಆಜ್ಞೆ ಮೇಲಿನಿಂದ ಕೆಳಗೆ ಮಾತ್ರ ಹರಿಯುತ್ತಿತ್ತು, ಅವನು ಅದನ್ನು ತಿರುಗಿಸಿ ಎಸೆದ, ಕೂಗದೆ, ಕ್ಲಾಸಿನಲ್ಲಿ ಉತ್ತರ ಒಪ್ಪಿಸುವವನ ಹಾಗೆ. ವಾ ಎಂದ ಕಾಪೊ. ಆಗ ಕುಂಞನಿಗೆ ಅರ್ಥ ಚೆನ್ನಾಗಿಯೇ ಗೊತ್ತಿತ್ತು, ಗೊತ್ತಿದ್ದೇ ಒಂದು ಹೆಜ್ಜೆ ಮುಂದೆ ಇಟ್ಟ, ಮಹಾಲಿಂಗನ ಕಡೆ ತಿರುಗಿ, ವಾ ಅಂದದ್ದಲ್ವಾ ಭಾವ, ಬಂದೆ ಎಂದು ನಕ್ಕ, ಆ ನಗು ಕಾಪೊನಿಗೆ ಸಿಟ್ಟು ಹತ್ತಿಸಿತು, ತಿಯೇನಿಲೊ, ಹಿಡಿ ಅವನನ್ನು, ಯಾರಿಗೆ ಹೇಳಿದ್ದೆಂದು ಯೋಚಿಸುವ ಮೊದಲೇ ಮಹಾಲಿಂಗನ ಕೈ ಹೋಗಿ ಹಿಂದಿನಿಂದ ಕುಂಞನ ಎರಡೂ ಮಣಿಕಟ್ಟನ್ನು ಹಿಡಿದು ಬೆನ್ನಿಗೆ ಒತ್ತಿತ್ತು. ಸಮಾಧಾನ ಮಾಡಲಿಕ್ಕೆ ಹಿಡಿದದ್ದು, ಜಗಳ ಬಿಡಿಸಲಿಕ್ಕೆ ಹಿಡಿದದ್ದು, ಆರು ವರ್ಷ ಹೀಗೆ ಹೇಳಿಕೊಂಡಿದ್ದಾನೆ, ಕಾಪೊ ಗೋಡೆಗೆ ಒರಗಿಸಿದ್ದ ಕಬ್ಬಿಣದ ಪೈಪು ಎತ್ತಿಕೊಂಡಾಗ ಬಿಡಬಹುದಿತ್ತು, ಬಿಡು ಭಾವ ಎಂದ ಕುಂಞ, ನೊನ್ ಮೊಲ್ಲಾರೆ ಎಂದ ಕಾಪೊ, ಬಿಡಬೇಡ, ಎರಡು ಭಾಷೆಯಲ್ಲಿ ಎರಡು ಆಜ್ಞೆ, ಕೈ ಇಟಾಲಿಯನ್ನಿನ ಮಾತು ಕೇಳಿತು. ಮೊದಲ ಪೆಟ್ಟು ಹೆಗಲಿಗೆ, ಎರಡನೆಯದು ಕಿವಿಯ ಮೇಲೆ, ಮೂರನೆಯದಕ್ಕೆ ಒದ್ದೆ ಗೋಣಿ ನೆಲಕ್ಕೆ ಬಿದ್ದ ಸದ್ದು, ಕುಂಞನ ಭಾರವೆಲ್ಲ ಅವನ ಕೈಗೆ ಬಂತು, ಪೈಪು ಮತ್ತೆ ಎದ್ದು ಇಳಿಯಿತು, ಅವನ ಅಂಗಿಗೆ, ಹಲ್ಲಿಗೆ, ಕಣ್ಣರೆಪ್ಪೆಗೆ ಬಿಸಿ ಬಿಸಿ ಎಂತದೋ ಹಾರಿತು, ಎರಡೂ ಹೆಬ್ಬೆರಳಿನ ಅಡಿಯಲ್ಲಿ ಮಾತ್ರ ನಾಡಿ, ಟಕ್ ಟಕ್ ಟಕ್, ನೀರಿನಿಂದ ತೆಗೆದ ಮೀನಿನ ಹಾಗೆ. ಆಮೇಲೆ ಟ್ರಾಕ್ಟರು, ಅದು ಬೇಡ, ಕಾಯಿ ಎತ್ತು, ಕುಕ್ಕು, ಆಮೇಲೆ ಪೊಲೀಸರು ಕೊಟ್ಟ ಕಾಗದ, ಇಲ್ಲಿ ಸಹಿ, ಓದಲು ಬಾರದ ಮೂರು ಪುಟಕ್ಕೆ ಕನ್ನಡದಲ್ಲಿ ಸಹಿ, ಆಮೇಲೆ ವಿಮಾನ, ಪೆಟ್ಟಿಗೆ, ಅಂಗಳದಲ್ಲಿ ಅಮ್ಮು ಪೆಟ್ಟಿಗೆಗೆ ಹಣೆ ಬಡಿದುಕೊಂಡದ್ದು, ನೀವು ಹತ್ತಿರ ಇದ್ದಿರಾ ಅಣ್ಣ, ಕೊನೆಗೆ ಅವರ ಕೈ ಹಿಡಿದಿರಾ ಎಂದು ಕೇಳಿದ್ದು, ಹಿಡಿದೆ ಎಂದದ್ದು. ಆ ಒಂದು ಮಾತು ಸುಳ್ಳಲ್ಲ.

ಒಮ್ಮೆ ಏಳಿ ಮಾವ, ಅಕ್ಷಯಾ ಎದ್ದು ನಿಂತಿದ್ದಾಳೆ, ನೋಟ್‌ಬುಕ್ಕು ಗೋಣಿಯ ಮೇಲೆ, ಗುರುತುಗಳ ಅಳತೆ ಬರೆದಿದ್ದಾರೆ, ಹೆಬ್ಬೆರಳು ಎಲ್ಲಿ, ಉಳಿದ ಬೆರಳು ಎಲ್ಲಿ ಅಂತ, ಎದುರಿನಿಂದ ಹಿಡಿದರೆ ಹಾಗೆ ಬರುವುದಿಲ್ಲ, ನನ್ನ ಕೈಯನ್ನು ನಾನೇ ಹಿಡಿದು ನೋಡಿದೆ, ಸರಿಯಾಗಲಿಲ್ಲ, ನೀವು ಒಮ್ಮೆ ಹಿಡಿಯಿರಿ. ಬೇಡ ಮಗಾ, ಕೈಯಲ್ಲೆಲ್ಲ ನಾರು. ಪರವಾಗಿಲ್ಲ. ಅವಳು ಬೆನ್ನು ತಿರುಗಿಸಿ ನಿಂತಳು, ಎರಡೂ ಕೈ ಹಿಂದಕ್ಕೆ ತಂದಳು, ತಿಳಿದು ಕೇಳುತ್ತಿದ್ದಾಳೋ ತಿಳಿಯದೆಯೋ, ಮುಖ ಕಾಣುವುದಿಲ್ಲ, ಕಾಣುವುದು ಕುತ್ತಿಗೆ, ಕೂದಲು ಎರಡು ಸುಳಿಯಾಗಿ ಇಳಿಯುವ ಅದೇ ಕುತ್ತಿಗೆ. ಹಿಡಿಯಿರಿ ಮಾವ. ಹಿಡಿ ಎಂದರೆ ಹಿಡಿಯುವ ಕೈ ಇದು, ಹಿಡಿಯಿತು, ಸಣ್ಣ ಮಣಿಕಟ್ಟು, ಬೆರಳುಗಳಿಗೆ ಜಾಗ ಹುಡುಕಬೇಕಾಗಲಿಲ್ಲ, ಹೆಬ್ಬೆರಳು ಒಳಗೆ, ನಾಲ್ಕು ಹೊರಗೆ, ಅವಳು ಕುತ್ತಿಗೆ ತಿರುಗಿಸಿ ಕೆಳಗೆ ನೋಡಿದಳು, ಅಳತೆ ನೋಡಿದಳು, ತುಂಬ ಹೊತ್ತು ನೋಡಿದಳು. ಹೀಗೆಯೇ ಎಂದಳು. ಕೈ ಎಳೆದುಕೊಳ್ಳಲಿಲ್ಲ. ನಾನು ಹಿಡಿದದ್ದು—ಹೇಳಿದ್ದು ಯಾರು, ಅವನ ಬಾಯಿಯೇ, ಕನ್ನಡದಲ್ಲಿಯೇ, ಕರ್ತೃ ಸಹಿತ—ನಾನೇ ಹಿಡಿದದ್ದು ಮಗಾ, ಕಾಪೊ ಹೊಡೆದದ್ದು, ಹಿಡಿದದ್ದು ನಾನು. ಕಬ್ಬಿಣದ ಮೊನೆ ಎರಡು ಹೆಜ್ಜೆ ದೂರದಲ್ಲಿ ಉಂಟು, ಅವಳು ಈಗ ತಿರುಗಿ ಅವನನ್ನು ಅದರ ಮೇಲೆ ತಳ್ಳಿದರೆ ತಡೆಯಲಾರ, ತಳ್ಳಲಿ, ತಳ್ಳಬಾರದೇಕೆ. ಟ್ರಾಕ್ಟರು ಮೈಮೇಲೆ ಹೋಗುವಾಗ ಅಪ್ಪನಿಗೆ ಜೀವ ಇತ್ತು ಅಂತ ಬರೆದಿದ್ದಾರೆ, ವಾರ್ಡಿನಲ್ಲಿ ರೋಗಿಯ ಮನೆಯವರ ಹತ್ತಿರ ಮಾತಾಡುವ ದನಿ ಅದು, ಮೆಲ್ಲಗೆ, ನಿಮಗೆ ಗೊತ್ತಿತ್ತಾ ಮಾವ. ಕಾಪೊ ಕುಂಞನ ಕಾಲು ಹಿಡಿದ, ಮಹಾಲಿಂಗ ಕೈ, ಎತ್ತಿಕೊಂಡು ಹೋಗಿ ಚಕ್ರದ ಮುಂದೆ ಇಟ್ಟರು, ಇಡುವಾಗ, ಬಿಡುವ ಮೊದಲು, ಈ ಎರಡು ಹೆಬ್ಬೆರಳ ಅಡಿಯಲ್ಲಿ—ಹೇಳು, ಹೇಳು, ಹೇಳು—ಗೊತ್ತಿತ್ತು ಎಂದ, ಬಿಡಿ ಮಾವ ಎನ್ನುತ್ತಾಳೆ ಅವಳು, ಕೈ ಬಿಡಿ, ಬಿಡಬೇಕು, ಬೆರಳು ಬಿಚ್ಚಬೇಕು, ಬೆರಳು ಬಿಚ್ಚುವುದಿಲ್ಲ, ಎರಡೂ ಹೆಬ್ಬೆರಳ ಅಡಿಯಲ್ಲಿ ಅದು, ಟಕ್ ಟಕ್, ಎಂಜಿನ್ ಶುರುವಾಗುವವರೆಗೂ ಇತ್ತು, ಟಕ್