ಭಾವನ ಕೆಂಪು ಬಾಟಲಿಗಳು

ನಮ್ಮ ಭಾವ ದೊಡ್ಡ ವಿಜ್ಞಾನಿ. ಬೆಳಕನ್ನೇ ಉಂಡು ಬದುಕುವ ಕೆಂಪು ಬ್ಯಾಕ್ಟೀರಿಯಾಗಳನ್ನು ಸಾಕುವುದರಲ್ಲೇ ಅರ್ಧ ಆಯುಷ್ಯ ಕಳೆದಿದ್ದಾರೆ. ಅವುಗಳೊಳಗಿನ ಒಂದು ಕಿಣ್ವ ಗಾಳಿಯ ಸಾರಜನಕವನ್ನು ಹಿಡಿದು ಅಮೋನಿಯಾ ಮಾಡುತ್ತದೆ, ಜೊತೆಗೆ ಜಲಜನಕದ ಗುಳ್ಳೆ ಬಿಡುತ್ತದೆ. ಆದರೆ ಹೊರಗಿನಿಂದ ಅದೇ ಅಮೋನಿಯಾ ಸಿದ್ಧವಾಗಿ ಸಿಗುವ ಅಮೋನಿಯಂ ಉಪ್ಪು ಬಿದ್ದರೆ ಮುಗಿಯಿತು. ಜೀವಕೋಶ ಆ ಕಿಣ್ವದ ಕೈಕಾಲು ಕಟ್ಟಿಹಾಕುತ್ತದೆ. ಬಿಟ್ಟಿ ಉಪ್ಪು ಖಾಲಿಯಾಗುವವರೆಗೆ ಬಿಚ್ಚುವುದಿಲ್ಲ. ಇದನ್ನು ಭಾವ ದಿನಾ ಊಟದ ಹೊತ್ತಿಗೆ, ಕೆಲಸವಿಲ್ಲದೆ ಅವರ ಮನೆ ಸೇರಿದ್ದ ನಾನು ಎರಡನೇ ಸಲ ಬಡಿಸಿಕೊಳ್ಳುವಾಗ, ನನ್ನ ಕಡೆ ನೋಡುತ್ತಲೇ ವಿವರಿಸುತ್ತಿದ್ದರು. ಅಕ್ಕ ತಲೆ ತಗ್ಗಿಸುತ್ತಿದ್ದಳು.

ಕೊನೆಗೆ ಅಕ್ಕನ ಕಾಟ ತಾಳಲಾರದೆ ನನ್ನನ್ನು ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯಲು ಸೇರಿಸಿಕೊಂಡರು. ಹಣ ಕೊಡುವ ಸಮಿತಿಯವರು ಬಂದು ಗುಳ್ಳೆ ನೋಡಿ ಒಪ್ಪಿದರೆ ಭಾವನ ಯೋಜನೆ ಮುಂದುವರಿಯುತ್ತದೆ, ನನ್ನ ಕೆಲಸವೂ ಕಾಯಂ. ಇಲ್ಲದಿದ್ದರೆ ನನಗೆ ಮತ್ತೆ ಅಕ್ಕನ ಮನೆಯ ಸೋಫಾವೇ ಗತಿ.

ಸಮಿತಿ ಬರುವ ಹಿಂದಿನ ಸಂಜೆ ಭಾವನಿಗೆ ಬಣ್ಣದ ಚಿಂತೆ ಹತ್ತಿತು. ಬಾಟಲಿಗಳು ತೆಳು ಗುಲಾಬಿಯಾಗಿ, ಬಡಕಲಾಗಿ ಕಂಡವಂತೆ. ಅಮೋನಿಯಂ ಕೊಟ್ಟರೆ ಕೊಬ್ಬಿ ಕಡುಗೆಂಪಾಗುತ್ತವೆ, ಬೆಳಗಾಗುವಷ್ಟರಲ್ಲಿ ತಿಂದು ಮುಗಿಸಿ ಕೆಲಸಕ್ಕಿಳಿಯುತ್ತವೆ ಎಂದು ಲೆಕ್ಕ ಹಾಕಿ ಪ್ರತಿ ಬಾಟಲಿಗೂ ಉಪ್ಪು ಉದುರಿಸಿದರು. ಗುಳ್ಳೆ ನಿಂತುಬಿಟ್ಟರೆ ಎಂದು ನಾನು ಕೇಳಿದ್ದಕ್ಕೆ, ಬಾಟಲಿ ತೊಳೆಯುವವನು ಬಾಟಲಿ ತೊಳೆದರೆ ಸಾಕು ಎಂದರು.

ಬೆಳಿಗ್ಗೆ ಬಾಟಲಿಗಳು ಮದುಮಕ್ಕಳ ಹಾಗೆ ಕೆಂಪಗೆ ಕಳೆಕಳೆಯಾಗಿದ್ದವು. ಗುಳ್ಳೆ ಮಾತ್ರ ಒಂದೂ ಇಲ್ಲ. ಸಮಿತಿಯ ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ನೋಡಿ, ಇವಕ್ಕೆ ಯಾರೋ ಅಮೋನಿಯಂ ತಿನ್ನಿಸಿದ ಹಾಗಿದೆಯಲ್ಲ ಎಂದರು. ಭಾವ ಕ್ಷಣವೂ ತಡಮಾಡಲಿಲ್ಲ. ಇವನು ಹೊಸಬ, ನನ್ನ ಹೆಂಡತಿಯ ತಮ್ಮ, ಏನೋ ಎಡವಟ್ಟು ಮಾಡಿರಬೇಕು ಎಂದು ನನ್ನತ್ತ ಕೈ ತೋರಿಸಿದರು.

ನನಗೆ ಮೈಯೆಲ್ಲಾ ಉರಿದುಹೋಯಿತು. ನಿಜ ಹೇಳಿದರೆ ಅಕ್ಕನ ಗಂಡನ ಮಾನ ಹೋಗುತ್ತದೆ, ಹೇಳದಿದ್ದರೆ ನನ್ನ ಕೆಲಸ ಹೋಗುತ್ತದೆ. ನನಗಾಗಿ ಈ ಮನುಷ್ಯನನ್ನು ಅಂಗಲಾಚಿದ ಅಕ್ಕನ ಮುಖ ನೆನಪಾಯಿತು.

"ಹೌದು ಮೇಡಂ, ನಾನೇ ಹಾಕ್ದೆ," ಎಂದೆ.

ಎಷ್ಟು ಹಾಕಿದೆ ಎಂದು ಅವರು ಕೇಳಿದರು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ, ಬಾಟಲಿಗೊಂದು ಚಮಚ ಎಂದು.

ಭಾವ ಚಡಪಡಿಸಿದರು. ಅಷ್ಟು ದೊಡ್ಡ ಸುಳ್ಳನ್ನು ಸಲೀಸಾಗಿ ನುಂಗಿದ ಮನುಷ್ಯನಿಗೆ ತಪ್ಪು ಅಳತೆಯನ್ನು ನುಂಗಲು ಆಗಲಿಲ್ಲ.

"ಚಮಚ ಅಂತೆ ಚಮಚ. ಅಷ್ಟು ಹಾಕಿದ್ರೆ ಇವು ಹೀಗೆ ಬೆಳೀತಿದ್ವಾ? ನಾನು ಹಾಕಿದ್ದು ಬರೀ ಒಂದು ಚಿಟಿಕೆ."

ಅಧ್ಯಕ್ಷೆ ಭಾವನನ್ನೇ ನೋಡುತ್ತಾ ಕುರ್ಚಿ ಎಳೆದು ಕೂತರು. ಬ್ಯಾಕ್ಟೀರಿಯಾಗಳು ಉಪ್ಪು ಮುಗಿಸಿ ಗುಳ್ಳೆ ಬಿಡುವವರೆಗೆ ಸಮಿತಿ ಕಾಯಿತು, ಯೋಜನೆಗೆ ಒಪ್ಪಿಗೆಯೂ ಸಿಕ್ಕಿತು. ಷರತ್ತು ಒಂದೇ. ಬಾಟಲಿಗಳ ಕೋಣೆಯ ಕೀ ನನ್ನ ಬಳಿ ಇರಬೇಕು, ಭಾವ ಒಳಗೆ ಬರುವುದಿದ್ದರೆ ನನ್ನನ್ನು ಕೇಳಿಯೇ ಬರಬೇಕು.