ಏಳು ಸಾಲಿನ ಸಾಕ್ಷಿ

ಆದಪ್ಪ ಕರಡಚ್ಚಿನ ಹಾಳೆಯನ್ನು ಅಂಗಳದ ಕಟ್ಟೆಯ ಮೇಲೆ ಬಿಡಿಸಿ, ನಡುವಿನ ಭಾಗಕ್ಕೆ ಬೆರಳಿಟ್ಟ.

"ಇಲ್ಲಿ ನೋಡ್ರಿ ಖಾಜಾಸಾಬ್ರ. ಏಳು ಸಾಲು ಬಂದಾವ. ಹನ್ನೊಂದು ವರ್ಷಕ್ಕ ಏಳು ಸಾಲು."

ಖಾಜಾಸಾಬ್ ಹಾಳೆಯ ಕಡೆ ನೋಡಲಿಲ್ಲ. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಅಮರಗುಂಡಪ್ಪನ ಹಣೆಗೆ ಯಾರೋ ವಿಭೂತಿ ಹಚ್ಚುತ್ತಿದ್ದರು. ತಲೆ ವಾಲದಂತೆ ಬಟ್ಟೆ ಕಟ್ಟಿ ಗೂಟಕ್ಕೆ ಬಿಗಿದಿದ್ದರು. 1994ರ ಫೆಬ್ರವರಿ. ಮಸ್ಕಿಯಲ್ಲಿ ಹತ್ತು ಗಂಟೆಗೇ ಬಿಸಿಲು ಏರಿತ್ತು. ಭಜನೆಯವರು ಇನ್ನೂ ಬಂದಿರಲಿಲ್ಲ.

ಸತ್ತವನಿಗೆ ಅರವತ್ತಾರು ವರ್ಷ. ಲಿಂಗಸುಗೂರಿನ ಗ್ರಂಥಾಲಯದಲ್ಲಿ ಇಪ್ಪತ್ತೆಂಟು ವರ್ಷ ಸಹಾಯಕನಾಗಿದ್ದು 1986ರಲ್ಲಿ ನಿವೃತ್ತನಾಗಿದ್ದ. ಖಾಜಾಸಾಬ್ ಅದೇ ಗ್ರಂಥಾಲಯದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವನು. ಆದಪ್ಪ ಸಿಂಧನೂರಿನ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ. ವಿಶ್ವಕೋಶದ ಪುರವಣಿ ಸಂಪುಟಕ್ಕೆ ಈ ಭಾಗದಿಂದ ಬರುವ ತಿದ್ದುಪಡಿಗಳನ್ನು ನೋಡುವ ಕೆಲಸವೂ ಅವನ ಮೇಲಿತ್ತು.

"ನಾಳೆ ಟಪಾಲಿಗೆ ಹಾಕಬೇಕ್ರಿ," ಎಂದ ಆದಪ್ಪ. "ಈ ಸಾಲು ಬಂದದ್ದು ತಹಶೀಲ್ದಾರನ ದಿನಚರಿಯಿಂದ. ಅದನ್ನ ಕಣ್ಣಾರೆ ಕಂಡವರು ಸಹಿ ಮಾಡಬೇಕು ಅಂತ ಸಂಪಾದಕರು ಕೇಳ್ಯಾರ. ಉರ್ದು ಓದಿ ಹೇಳಿದವರು ನೀವು, ಬರಕೊಂಡವರು ಇವರು. ಈಗ ನೀವೊಬ್ರ ಉಳಿದೀರಿ."

"ಮಣ್ಣಾಗಲಿ ಸರ್. ಆಮ್ಯಾಲೆ ನೋಡೋಣ."

"ಸಹಿ ಒಂದರಿ. ಅರ್ಧ ನಿಮಿಷದ ಕೆಲಸ."

"ಅವನ ಮುಂದ ಬ್ಯಾಡ."

ದುಃಖಕ್ಕೆ ಹೀಗೆ ಹೇಳುತ್ತಿದ್ದಾನೆ ಎಂದುಕೊಂಡು ಆದಪ್ಪ ಹಾಳೆ ಸುತ್ತಿದ.

*

ವಿಶ್ವಕೋಶದ ಮೂಲ ಸಂಪುಟವೊಂದು 1982ರಲ್ಲಿ ಗ್ರಂಥಾಲಯಕ್ಕೆ ಬಂದಾಗ ಪುಟಗಳಿಗೆ ಮೊಹರು ಒತ್ತುವ ಕೆಲಸ ಅಮರಗುಂಡಪ್ಪನದಾಗಿತ್ತು. ಒತ್ತುತ್ತ ಓದುವುದು ಅವನ ಅಭ್ಯಾಸ. 'ನಿಸರ್ಗ ಸಾಹಿತ್ಯ' ಎಂಬ ಬರಹ ಅರ್ಧ ಕಾಲಂ ಇತ್ತು. ಕಾಡಿನ ಬಗ್ಗೆ ಬರೆದವರು, ಬೆಟ್ಟ ಹತ್ತಿದವರು, ಬೇಟೆಗಾರರ ನೆನಪುಗಳು. ಅಷ್ಟೆ. ಅವನು ಎರಡು ಸಲ ಓದಿ, ಪುಸ್ತಕವನ್ನು ಖಾಜಾಸಾಬನ ಮುಂದೆ ತಂದಿಟ್ಟ.

"ನಮ್ಮ ಕರಿ ಮಣ್ಣಿನ ಎರಿ ಹೊಲ ನಿಸರ್ಗ ಅಲ್ಲೇನಲೇ ಖಾಜಾ?"

"ನಿಸರ್ಗ ಅಂದ್ರ ತಂಪಿರಬೇಕಪಾ. ನಮ್ಮಲ್ಲೇನೈತಿ, ಜಾಲಿಮುಳ್ಳು."

"ಮುಳ್ಳಿನ ಬಗ್ಗೆ ಯಾರೂ ಬರದೇ ಇಲ್ಲೇನು?"

"ಚುಚ್ಚಿಸಿಕೊಂಡವರು ಬೈದಿರತಾರ, ಬರದಿರಂಗಿಲ್ಲ."

ಮರುವರ್ಷ ಜನವರಿಯಲ್ಲಿ ಅಮರಗುಂಡಪ್ಪ ಸಂಪಾದಕರಿಗೆ ಕಾರ್ಡು ಬರೆದ. ಮೂರು ತಿಂಗಳಿಗೆ ಉತ್ತರ ಬಂತು. ಬಯಲುನಾಡಿನ ನಿಸರ್ಗ ಬರವಣಿಗೆಯ ಬಗ್ಗೆ ಮಾಹಿತಿ ಇದ್ದರೆ ಕಳಿಸಬಹುದು. ಅದು ಬರಹದಲ್ಲಿರಬೇಕು, ಕಾಲ ತಿಳಿದಿರಬೇಕು, ಕಂಡವರ ಸಾಕ್ಷಿ ಇರಬೇಕು. ಅವನು ರಜೆಯ ದಿನಗಳಲ್ಲಿ ಬಸ್ಸು ಹತ್ತತೊಡಗಿದ. ಗೊರೇಬಾಳ, ಬಳಗಾನೂರು, ಅವುಗಳಾಚೆಯ ಹಳ್ಳಿಗಳು. ನಿವೃತ್ತ ಮಾಸ್ತರರ ಮನೆಗಳು, ಮಠಗಳ ಅಟ್ಟಗಳು. ಸಿಕ್ಕಿದ್ದು ಪಂಚಾಂಗ, ಜಾತಕ, ಬದುವಿನ ಜಗಳದ ಕಾಗದಗಳು. ಒಬ್ಬ ಕುರಿಗಾರ ಬುರ್ಲಿ ಹಕ್ಕಿಯ ಬಗ್ಗೆಯೇ ಒಂದು ತಾಸು ಮಾತಾಡಿದ. ಬರಹದಲ್ಲಿಲ್ಲವಲ್ಲ ಎಂದು ಅಮರಗುಂಡಪ್ಪ ಅದನ್ನು ಗುರುತು ಹಾಕಿಕೊಳ್ಳದೆ ಎದ್ದುಬಂದ.

*

ಗುಂಡಿ ತೋಡುವ ಕಡೆಯಿಂದ ಪಕ್ಕದ ಮನೆಯ ಮಾನಪ್ಪ ಬಂದು ಕಟ್ಟೆಯ ಮೇಲೆ ಕುಸಿದ.

"ಗುಂಡಿ ಆತು. ಎರಿ ಒಣಗಿ ಕಲ್ಲಾಗೇತಿ, ಎರಡು ಗುದ್ದಲಿ ಮುರದ್ವು. ಅಮರಗುಂಡಪ್ಪಣ್ಣ ಇದ್ದಿದ್ರ ಅದನ್ನೂ ಬರಕೋತಿದ್ದ."

"ಸುಮ್ನ ಬರಕೋತಿದ್ದಿಲ್ಲ," ಎಂದಳು ಅಮರಗುಂಡಪ್ಪನ ಹೆಂಡತಿ ದೊಡ್ಡಬಸಮ್ಮ, ಅತ್ತು ಒಡೆದ ದನಿಯಲ್ಲಿ. "ಮುರದದ್ದು ನೋಡಿದವರು ಯಾರು ಅಂತ ನಿನ್ನ ಕೇಳ್ತಿದ್ರು."

ಹೆಂಗಸರು ಸೆರಗಿನೊಳಗೆ ನಕ್ಕರು. ಅವಳು ಖಾಜಾಸಾಬನ ಕಡೆ ತಿರುಗಿದಳು.

"ಖಾಜಣ್ಣ, ಏನರ ತಿಂದು ಬಂದೇನು?"

"ಆಗೇತವ್ವ."

"ನಿನ್ನ ಕೂಡ ಕುಂತು ಬಂದ ದಿನ ಒಂದು ರೊಟ್ಟಿ ಹೆಚ್ಚಿಗಿ ತಿಂತಿದ್ರು. 'ಖಾಜಾ ಒಂದ ಹಾಳಿ ಮ್ಯಾಲೆ ತಾಸುಗಟ್ಲೆ ಓದ್ತಾನ, ಆ ಅಕ್ಷರ ಎಷ್ಟು ಸಣ್ಣ ಅದಾವೋ ಏನೋ, ಅವನ ಕಣ್ಣು ಹಾಳಾಗತಾವ' ಅಂತಿದ್ರು. ನಿನಗೊಂದು ಚಷ್ಮಾ ಮಾಡಿಸಬೇಕಂತಿದ್ರು."

ಖಾಜಾಸಾಬ್ ತನ್ನ ಕೈಗಳನ್ನು ನೋಡಿಕೊಂಡ.

"ಹೌದವ್ವ," ಎಂದ. "ಸಣ್ಣ ಇದ್ವು."

*

1988ರ ಮೇ ತಿಂಗಳ ಒಂದು ಮಧ್ಯಾಹ್ನ ಅಮರಗುಂಡಪ್ಪ ಮಸ್ಕಿಯಿಂದ ಬಸ್ಸಿನಲ್ಲಿ ಬಂದು, ಲಿಂಗಸುಗೂರಿನಲ್ಲಿದ್ದ ಖಾಜಾಸಾಬನ ಅಂಗಡಿಯ ನೆರಳಲ್ಲಿ ಕೂತು ಎರಡು ತಂಬಿಗೆ ನೀರು ಕುಡಿದಿದ್ದ.

"ಬಿಟ್ಟುಬಿಡ್ತೀನಿ ಖಾಜಾ. ಅವರು ಹಾಕಿದ್ದ ಖರೆ ಇರಬೇಕು. ನಮ್ಮಲ್ಲಿ ಯಾರೂ ಏನೂ ಕಂಡಿಲ್ಲ, ಬರದಿಲ್ಲ."

ಅವನು ಹಾಗೆ ಹೇಳಿದ್ದನ್ನು ಖಾಜಾಸಾಬ್ ಹಿಂದೆಂದೂ ಕೇಳಿರಲಿಲ್ಲ. ಮುಂದೆ ಹಲಗೆಯ ಮೇಲೆ ರಟ್ಟು ಕಟ್ಟಲು ಬಂದ ಹಳೆಯ ಉರ್ದು ಲೆಕ್ಕದ ದಫ್ತರವೊಂದಿತ್ತು. ನಿಜಾಮರ ಕಾಲದ ಫಸಲಿ ವರ್ಷ 1341ರದು, ಯಾವುದೋ ಮನೆಯವರು ಕೊಟ್ಟಿದ್ದು.

"ಅದರಾಗೇನೈತಿ?" ಎಂದು ಅಮರಗುಂಡಪ್ಪ ಕೇಳಿದ. ಅವನಿಗೆ ಉರ್ದು ಓದಲು ಬರುತ್ತಿರಲಿಲ್ಲ.

ಖಾಜಾಸಾಬ್ ತೆರೆದು ಓದಿದ. ಊರವಾರು ಬೆಳೆಯ ಪಟ್ಟಿ. ಜೋಳ ಇಷ್ಟು, ಕುಸುಬೆ ಇಷ್ಟು, ಕಡಲೆ ಇಷ್ಟು. ಕಡಲೆಗೆ ಬಂದವನು ಅಲ್ಲಿ ನಿಲ್ಲಲಿಲ್ಲ. ಚಳಿಗಾಲದಲ್ಲಿ ನಸುಕಿಗೇ ಹೆಂಗಸರು ಕಡಲೆ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಹುಳಿ ಇಬ್ಬನಿಯನ್ನು ಹಿಂಡಿಕೊಳ್ಳುತ್ತಾರೆ. ಚಿಗರಿ ಜಿಂಕೆಗಳು ಆ ಬಟ್ಟೆಗೆ ಹೆದರದೆ ಬಂದು ಅಂಚು ನೆಕ್ಕುತ್ತವೆ. ಬಿಸಿಲು ಮೊಣಕಾಲೆತ್ತರ ಬಂದಾಗ ಹೋಗಿಬಿಡುತ್ತವೆ. ಕಣ್ಣು ಹಾಳೆಯ ಮೇಲೆ ನೆಟ್ಟು, ಓದುವ ದನಿಯಲ್ಲೇ ಹೇಳಿದ.

ಅಮರಗುಂಡಪ್ಪ ಪೆನ್ಸಿಲ್ ತೆಗೆದಿದ್ದ.

"ಬರದವರು ಯಾರು?"

"ಯಾರೋ ತಹಶೀಲ್ದಾರ, ಪಟ್ಟಿ ನಡುವ ತನ್ನ ದಿನಚರಿ ಬರದಾನ. ಹೆಸರಿನ ಹಾಳಿ ಹರದೈತಿ."

"ಫಸಲಿ 1341 ಅಂದ್ರ 1931. ಕಾಲ ಸಿಕ್ತು. ಬರಹ ಐತಿ. ಕಂಡವ ನೀನದೀ." ಅವನು ಮೂರು ಬೆರಳು ಮಡಿಚಿದ. "ಇನ್ನೊಮ್ಮೆ ಓದು. ನಿಧಾನ."

ಅದಾದ ಮೇಲೆ ನಾಲ್ಕು ಸಲ ಬಂದ. ನಾಲ್ಕು ಸಲವೂ ಖಾಜಾಸಾಬ್ ಅದೇ ಬೆಳೆಯ ಪಟ್ಟಿ ತೆರೆದು ಕೂತ. ಕೊನೆಗೆ ದಫ್ತರದ ಮನೆಯವರು ಅದನ್ನು ಒಯ್ದು ಹೈದರಾಬಾದಿಗೆ ಹೊರಟುಹೋದರು.

*

ಭಜನೆ ಬಂತು, ಮೆರವಣಿಗೆ ಹೊರಟಿತು, ಊರಾಚೆಯ ಹೊಲ ಮುಟ್ಟುವ ಹೊತ್ತಿಗೆ ಎರಡು ಗಂಟೆ. ಅಯ್ಯನವರು ಮಂತ್ರ ಹೇಳಿದರು. ಅಮರಗುಂಡಪ್ಪನನ್ನು ಗುಂಡಿಯೊಳಗೆ ಕೂರಿಸಿ, ಎಲ್ಲರೂ ಸರದಿಯಂತೆ ಮಣ್ಣು ಹಾಕಿದರು. ಖಾಜಾಸಾಬ್ ಮೂರು ಹಿಡಿ ಹಾಕಿದ. ಹೆಂಟೆಗಳು ಒಡೆಯದೆ ಬಿದ್ದವು. ಉಳಿದವರು ಕೈಕಾಲು ತೊಳೆಯಲು ಬಾವಿಯ ಕಡೆ ಹೋದರು. ಬೇವಿನ ಮರದ ಕೆಳಗೆ ಆದಪ್ಪ ಹಾಳೆ ಬಿಡಿಸಿಕೊಂಡು, ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದ.

"ಇಲ್ಲೇರಿ, ಅಂಚಿನ್ಯಾಗ. ಹೆಸರು, ತಾರೀಕು."

ಖಾಜಾಸಾಬ್ ಅವನ ಎದುರು ಕೂತ. ಪೆನ್ನು ತೆಗೆದುಕೊಳ್ಳಲಿಲ್ಲ.

"ಸರ್, ಆ ದಫ್ತರದಾಗ ಬೆಳೆ ಪಟ್ಟಿ ಇತ್ತು, ಅಷ್ಟ. ಉಳಿದದ್ದು ನಾ ಹೇಳಿದ್ದು."

"ಅಂದ್ರ?"

"ಓದಿದಂಗ ಮಾಡಿ ಹೇಳಿದೆ. ತಹಶೀಲ್ದಾರ ಇಲ್ಲ, ದಿನಚರಿ ಇಲ್ಲ."

ಆದಪ್ಪ ಬಾವಿಯ ಕಡೆ ನೋಡಿದ. ಅಲ್ಲಿ ಯಾರೋ ಕೊಡ ಇಳಿಬಿಡುತ್ತಿದ್ದರು.

"ಅವರಿಗೆ ಗೊತ್ತಿತ್ತೇನ್ರಿ?"

"ಇಲ್ಲ. ನನ್ನ ಕಣ್ಣಿನ ಚಿಂತಿ ಇತ್ತು ಅವನಿಗೆ."

"ಈಗ್ಯಾಕ ಹೇಳಾಕತ್ತೀರಿ? ಸಹಿ ಮಾಡಿದ್ರ ಯಾರು ಕೇಳ್ತಿದ್ರು?"

"ಅವ ಕೇಳ್ತಿದ್ದ."

ಆದಪ್ಪ ಏಳು ಸಾಲುಗಳನ್ನು ಮತ್ತೊಮ್ಮೆ ಓದಿದ.

"ಈ ಕಡ್ಲಿ ಹುಳಿ, ಚಿಗರಿ, ಇವೂ ಸುಳ್ಳೇನು?"

"ಅವು ಸುಳ್ಳಲ್ರಿ. ನಾ ಎಂಟು ವರ್ಷದವ ಇದ್ದಾಗ ನಮ್ಮವ್ವನ ಕೂಡ ಹೋಗಿ ನೋಡಿದ್ದು. ಬಟ್ಟಿ ಹಿಡಕೊಂಡು ನಿಂತಿದ್ದೆ."

"ಎಲ್ಲೂ ಬರದಿಟ್ಟಿಲ್ಲಲ್ಲ."

"ಇಲ್ರಿ."

"ನೀವ ಬರದುಕೊಡ್ರಿ ಹಂಗಾದ್ರ. ಇನ್ನೊಂದು ಪುರವಣಿ ಆದಾಗ ನೋಡೋಣ."

"ಯಾವಾಗ ಆಗತೈತ್ರಿ?"

"ಹತ್ತು ವರ್ಷ. ಹದಿನೈದು."

"ನನಗೀಗ ಎಪ್ಪತ್ತು."

ಆದಪ್ಪ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಏಳು ಸಾಲುಗಳ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದ. ಆಮೇಲೆ ಮುದ್ರಣದವರ ಲೆಕ್ಕದಲ್ಲಿ ಜಾಗವನ್ನು ಬೆರಳಿನಿಂದ ಅಳೆದ.

"ಪುಟ ಕಟ್ಟಿ ಆಗೇತಿ. ಖಾಲಿ ಬಿಟ್ರ ಬೈತಾರ. ಚಿತ್ರ ಹಾಕಿದ್ರ ಕೂಡತೈತಿ. ಅವರ ಕಡೆ ಬ್ಲಾಕ್ ಸಿದ್ಧ ಇರತಾವ."

ಹೊಲದ ಮೇಲಿಂದ ಗಾಳಿ ಬಂದು ಹಾಳೆ ಎದ್ದಿತು. ಖಾಜಾಸಾಬ್ ಅದರ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಆದಪ್ಪ ಗೆರೆಯ ಸುತ್ತ ಒಂದು ಚೌಕ ಬರೆದು, ಅದರೊಳಗೆ ಸ್ಫುಟವಾದ ಅಕ್ಷರಗಳಲ್ಲಿ 'ಚಿತ್ರ: ಜಲಪಾತ' ಎಂದು ಬರೆದ.

ಖಾಜಾಸಾಬ್ ಕೈ ತೆಗೆದಾಗ, ಸಹಿಗೆಂದು ಬಿಟ್ಟಿದ್ದ ಅಂಚಿನಲ್ಲಿ ಕಪ್ಪು ಮಣ್ಣು ಹೆಬ್ಬೆರಳಿನಗಲ ಕೂತಿತ್ತು. ಆದಪ್ಪ ಅದನ್ನು ಕರವಸ್ತ್ರದಿಂದ ಒರೆಸಿದ. ಅದು ಇನ್ನಷ್ಟು ಹರಡಿತು.